ಮೆತ್ತಗಾದ ನೆಲ

ಮೊದಲು ಗೊತ್ತಾದದ್ದು ಬಲಗಾಲಿನ ಹಿಮ್ಮಡಿಗೆ. ಹೊದಿಕೆ, ದಿಂಬುಗಳನ್ನು ಬಿಸಿಲಿಗೆ ಹಾಕೋಣವೆಂದು ಅವಳು ಚಪ್ಪಲಿ ಹೊರಗೆ ಬಿಟ್ಟು ಗಾಲಿಮನೆಯೊಳಗೆ ಹತ್ತಿದ್ದಳು. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ, ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲವನ್ನೂ ಒಟ್ಟಿಗೆ ತುರುಕಿದ ಆ ಪೆಟ್ಟಿಗೆಗೆ ಗಾಲಿಮನೆ ಎಂದು ಹೆಸರಿಟ್ಟವಳು ಮಗಳು. ಮಂಚದ ಮೂಲೆಯಲ್ಲಿ ನಿಂತು ಆಚೆ ಬದಿಯ ದಿಂಬಿಗೆ ಕೈ ಚಾಚಿದಾಗ ನೆಲ ಒಂದಿಷ್ಟು ತಗ್ಗಿತು. ಕಾಲೆತ್ತಿದಾಗ ಮತ್ತೆ ಮೇಲೆ ಬಂತು. ಮುರಿದ ಹಾಗಲ್ಲ. ಕಳಿತ ಹಣ್ಣನ್ನು ಹೆಬ್ಬೆರಳಲ್ಲಿ ಒತ್ತಿದಾಗ ಸಿಪ್ಪೆ ಬಾಗುತ್ತದಲ್ಲ, ಹಾಗೆ. ದಿಂಬನ್ನು ಎದೆಗವಚಿಕೊಂಡು ಅವಳು ಇನ್ನೊಮ್ಮೆ ಒತ್ತಿದಳು. ಮತ್ತೆ ತಗ್ಗಿತು. ಒಂದು ಹೆಜ್ಜೆ ಈಚೆ ಬಂದು ಒತ್ತಿದರೆ ಗಟ್ಟಿ. ಎಲ್ಲಿಂದ ಗಟ್ಟಿ, ಎಲ್ಲಿಂದ ಮೆದು ಎಂದು ಪಾದದಿಂದಲೇ ಹುಡುಕುತ್ತ, ಗೋಡೆ ಹಿಡಿದುಕೊಂಡು, ಯಾರಾದರೂ ನೋಡಿದ್ದರೆ ಈ ವಯಸ್ಸಿನಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಳೆ ಅನ್ನಬೇಕು, ಹಾಗೆ ಸುತ್ತು ಹಾಕಿದಳು. ಮೇಲೆ ಹಾಸಿದ್ದ ರಬ್ಬರಿನಂಥ ಹಾಳೆಯಲ್ಲಿ ಒಂದು ಕಲೆಯಿಲ್ಲ, ಸುಕ್ಕಿಲ್ಲ. ನೋಡಿದರೆ ಏನೂ ಆಗಿಲ್ಲ. ಗಂಡನನ್ನು ಕರೆಯಬೇಕೆಂದು ಬಾಯಿ ತೆರೆದವಳು ಸುಮ್ಮನಾದಳು.

ಅವನು ಹೊರಗೆ, ನಾಲ್ಕು ಮಾರು ದೂರದಲ್ಲಿ, ಬೆನ್ನು ಹಾಕಿ ಕೂತು ಕಾರಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದ. ಕರೆದರೆ ಕೇಳಿಸುವಷ್ಟು ಹತ್ತಿರ. ಕರೆಯಲಿಲ್ಲ. ಕರೆದು, ಅವನು ತಿರುಗದೆ ಹೋದರೆ? ಈ ವಾರವೆಲ್ಲ ಅವಳು ಅವನನ್ನು ಬೆನ್ನ ಹಿಂದಿನಿಂದ ಕರೆಯುವುದನ್ನು ತಪ್ಪಿಸುತ್ತಲೇ ಬಂದಿದ್ದಳು. ಬೇಕೆಂದರೆ ಎದುರಿಗೆ ಹೋಗಿ ನಿಲ್ಲುವುದು. ಇಲ್ಲವೇ ತಾನೇ ಮಾಡಿಕೊಳ್ಳುವುದು. ವಾರದ ಮೊದಲಿಗೆ ಔಷಧಿ ಅಂಗಡಿಯವಳು ಇವಳ ಆಸ್ಪತ್ರೆಗೆ ಬಂದಿದ್ದಳು, ಕಿವಿಯಲ್ಲಿ ಗುಂಯ್ ಅನ್ನುತ್ತದೆಂದು. ಅಲ್ಲಿ ಕಿವಿ ಪರೀಕ್ಷೆ ಮಾಡುವುದು ಇವಳ ಕೆಲಸ. ಊರಿನ ಅರ್ಧ ಜನ ಇವಳ ಗಾಜಿನ ಕೋಣೆಯಲ್ಲಿ ಕೂತು ಎದ್ದಿದ್ದಾರೆ. ಪರೀಕ್ಷೆ ಮುಗಿದು ಕೈಚೀಲ ಹೆಗಲಿಗೇರಿಸುತ್ತ ಆಕೆ ನಗುನಗುತ್ತಲೇ ಕೇಳಿದ್ದಳು: "ಮೇಡಂ, ನಿಮ್ಮ ಯಜಮಾನ್ರಿಗೆ ಯಾವಾಗ ನೋಡ್ತೀರಿ? ಮೊನ್ನೆ ಔಷಧಿ ಚೀಲ ಮರೆತು ಹೊರಟಿದ್ರು. ಬಾಗಿಲ ತನಕ ಕೂಗ್ದೆ, ಬೀದಿಗಿಳಿದು ಕೂಗ್ದೆ. ಊಹೂಂ. ಕೊನೆಗೆ ಓಡ್ಹೋಗಿ ತೋಳು ಹಿಡಿದ್ರೆ ಹಾವು ಮುಟ್ಟಿದ ಹಾಗೆ ಬೆಚ್ಚಿಬಿದ್ರು." ಅವಳೂ ನಕ್ಕಿದ್ದಳು. "ಅವರು ಯಾವಾಗ್ಲೂ ಅವರದೇ ಲೋಕದಲ್ಲಿರ್ತಾರೆ" ಅಂದಿದ್ದಳು. ಎದುರು ಮೇಜಿನಲ್ಲಿ ಕೂರುವ ಸಹೋದ್ಯೋಗಿ, ಅವಳಿಗಿಂತ ಹತ್ತು ವರ್ಷ ಚಿಕ್ಕವರು, ತಲೆಯೆತ್ತದೆ ಕಂಪ್ಯೂಟರ್ ನೋಡುತ್ತಲೇ ಇದ್ದರು. ಆ ತಲೆಯೆತ್ತದಿರುವುದು ಅವಳ ಜೊತೆ ಮನೆಗೆ ಬಂದಿತ್ತು. ಅಂದರೆ ಅವರಿಗೂ ಗೊತ್ತು. ಎಲ್ಲರಿಗೂ ಗೊತ್ತು.

ಅವಳು ಇಳಿದು ಹೋಗಿ ಅವನ ಎದುರು ನಿಂತಳು. "ರೀ, ಮಂಚದ ಹತ್ರ ನೆಲ ಕೊಳ್ತಿದೆ."

"ತೊಳ್ದಿದೀನಲ್ಲ, ನಿನ್ನೆನೇ ತೊಳ್ದೆ" ಅಂದ ಅವನು, ಗಾಳಿಯ ಪಂಪಿನ ಮುಳ್ಳನ್ನೇ ನೋಡುತ್ತ. ಆಮೇಲೆ ಮುಖವೆತ್ತಿ ಅವಳ ಬಾಯನ್ನು ನೋಡಿದ. "ಏನಾಯ್ತು?"

"ಕೊಳ್ತಿದೆ. ಕೊಳೆತಿದೆ. ಒತ್ತಿದ್ರೆ ಕೆಳಗೆ ಹೋಗುತ್ತೆ."

ಅವನು ತಕ್ಷಣ ಎದ್ದ. ಮೊಣಕಾಲು ಲಟಕ್ಕೆಂದಿತು. ಈ ಪೆಟ್ಟಿಗೆಯ ವಿಷಯದಲ್ಲಿ ಅವನಿಗೆ ಹುಡುಗರಂಥ ಆಸೆ. ಛಾಪಖಾನೆಯಿಂದ ನಿವೃತ್ತನಾದ ಮೇಲೆ ಅವನು ಮಾಡಿದ ಒಂದೇ ಒಂದು ಹಟ ಇದು. ಬರುವ ವಾರ ಇದನ್ನು ಎಳೆದುಕೊಂಡು ಮಗಳ ಊರಿಗೆ ಹೋಗಬೇಕು. ಮಗಳಿಗೆ ದಿನ ತುಂಬುತ್ತಿದೆ. ಅಳಿಯನಿಗೆ ರಾತ್ರಿಪಾಳಿ, ಅವರದು ಒಂದೇ ಕೋಣೆಯ ಬಾಡಿಗೆ ಮನೆ, ಹಿತ್ತಿಲಲ್ಲಿ ಜಾಗ ಇದೆ. "ನೀವಿಬ್ರು ನಿಮ್ಮ ಗಾಲಿಮನೆ ತಂದು ಇಲ್ಲೇ ನಿಲ್ಲಿಸ್ಕೊಳ್ಳಿ, ನನಗೂ ಧೈರ್ಯ" ಎಂದು ಮಗಳು ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಇಬ್ಬರೂ ಮಂಡಿಯೂರಿ ಹಾಳೆಯ ಅಂಚನ್ನು ಎಬ್ಬಿಸಿದರು. ಅದು ಸರಸರ ಬಂತು, ಅಂಟಿಕೊಂಡೇ ಇಲ್ಲ ಎನ್ನುವ ಹಾಗೆ. ಅಡಿಯಿಂದ ಒಂದು ವಾಸನೆ ಎದ್ದಿತು. ಬಹಳ ದಿನ ಮುಚ್ಚಿಟ್ಟ ಮಳೆಬೂಟಿನದು, ಹಳೆಯ ಗೋಣಿಚೀಲದ್ದು. ಪ್ಲೈವುಡ್ ಕಪ್ಪಾಗಿತ್ತು. ಅವನು ಸ್ಕ್ರೂಡ್ರೈವರಿನ ಮೊನೆಯಿಟ್ಟು ಒತ್ತಿದ. ಚಹಾದಲ್ಲಿ ಅದ್ದಿದ ಬಿಸ್ಕತ್ತಿಗೆ ಒತ್ತಿದಂತೆ ಹಿಡಿಯ ತನಕ ಇಳಿಯಿತು. ಮೂರು ನಾಲ್ಕು ಪದರಗಳು ಪುಸ್ತಕದ ಹಾಳೆಗಳ ಹಾಗೆ ಬಿಚ್ಚಿಕೊಂಡಿದ್ದವು. ಅವಳಿಗೆ ಅಸಹ್ಯವಾಗಬೇಕಿತ್ತು. ಆದರೆ ಆದದ್ದು ಬೇರೆ. ಇದು ಹೇಗೆ, ಎಲ್ಲಿಂದ, ಎಷ್ಟು ದಿನದಿಂದ ಎಂಬ ಕುತೂಹಲ. ಮಳೆ ನಿಂತು ಬಹಳ ದಿನವಾಗಿತ್ತು. ಕಿಟಕಿಯ ಸುತ್ತ, ಚಾವಣಿಯ ಸಂದಿನಲ್ಲಿ ಕೈಯಾಡಿಸಿದರೆ ಎಲ್ಲ ಒಣ. ಆದರೂ ಮರವನ್ನು ಹಿಂಡಿದರೆ ಬೆರಳಿಗೆ ನೀರು ಹತ್ತುತ್ತಿತ್ತು. ಹಾಗಾದರೆ ಮೇಲಿನ ನೀರಲ್ಲ, ಒಳಗಿನದು. ಕಪ್ಪು ಎಲ್ಲಿ ಹೆಚ್ಚೋ ಅಲ್ಲಿಂದ ಅವಳು ಬೆರಳಿನಲ್ಲಿ ಹಿಂದಕ್ಕೆ ಹೊರಟಳು. ನೀರು ಬಿದ್ದಲ್ಲೇ ಕೂರುವುದಿಲ್ಲ. ನೆಲ ಹೊತ್ತ ಅಡ್ಡಪಟ್ಟಿಯ ಬೆನ್ನು ಹಿಡಿದು, ಸ್ಕ್ರೂ ಸಿಕ್ಕಿದರೆ ಸುತ್ತಿ, ಮಂಚದ ಕಾಲು ಸಿಕ್ಕಿದರೆ ಅಲ್ಲಿ ಸ್ವಲ್ಪ ದಣಿವಾರಿಸಿಕೊಂಡು, ತನಗೆ ಇಳಿಜಾರು ಕಂಡ ಕಡೆ ನಡೆದಿತ್ತು. ದಾರಿ ಮಂಚದ ತಲೆಭಾಗಕ್ಕೆ ಹೋಯಿತು. ತಲೆದಿಂಬಿನ ಕೆಳಗಿನ ಹಲಗೆ ಎತ್ತಿದರೆ ಟ್ಯಾಂಕು, ಟ್ಯಾಂಕಿನ ಪಕ್ಕ ನಲ್ಲಿಗೆ ನೀರು ನೂಕುವ ಪುಟ್ಟ ಪಂಪು. ಅದು ಅವನು ಮಲಗುವ ಬದಿ.

"ಪಂಪು ಹಾಕು" ಅಂದ ಅವನು.

ಬಾಗಿಲ ಪಕ್ಕದ ಸ್ವಿಚ್ ಒತ್ತಿದಳು. ಪಂಪು ಗುರ್ರೆಂದು ತುಸು ಹೊತ್ತು ಓಡಿ, ಪೈಪಿನಲ್ಲಿ ನೀರು ಬಿಗಿದ ಮೇಲೆ ತಾನೇ ನಿಂತಿತು. ನಲ್ಲಿ ತೆರೆದರೆ ಮಾತ್ರ ಅದು ಮತ್ತೆ ಓಡಬೇಕು. ನಲ್ಲಿ ಮುಚ್ಚಿತ್ತು. ಅವನು ಟಾರ್ಚ್ ಹಿಡಿದು ಬಗ್ಗಿ ಪೈಪಿನ ಜೋಡಣೆಗಳನ್ನು ನೋಡುತ್ತಿದ್ದ. ಅವಳು ನಿಂತಿದ್ದಳು. ಯಾರೂ ಏನೂ ಮುಟ್ಟದೆಯೇ ಪಂಪು, ನಿದ್ದೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಂತೆ, ಗುರ್ ಎಂದು ಸುಮ್ಮನಾಯಿತು. ತುಸು ಹೊತ್ತಿನ ನಂತರ ಮತ್ತೆ, ಗುರ್. ಎಲ್ಲೋ ನೀರು ಸೋರುತ್ತಿದೆ, ಬಿಗಿ ಸಡಿಲವಾದಾಗಲೆಲ್ಲ ಪಂಪು ಎಚ್ಚರವಾಗುತ್ತಿದೆ. ಕಳೆದ ಸಲ ಸರೋವರದ ದಂಡೆಯಲ್ಲಿ ತಂಗಿದ್ದಾಗಲೂ, ಅದರ ಹಿಂದಿನ ಸಲ ಬೆಟ್ಟದ ಕೆಳಗೆ ನಿಲ್ಲಿಸಿದ್ದಾಗಲೂ ಇದು ಹೀಗೇ ಇರುಳೆಲ್ಲ ಕೂಗಿರಬೇಕು. ದಿನವಿಡೀ ಸದ್ದಿನ ಜೊತೆ ಏಗುವವಳು ಅವಳು, ರಜೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಿದ್ದಳು. ಆದರೆ ಅವನು? ಅವನ ತಲೆಯಿಂದ ಒಂದು ಗೇಣು ಕೆಳಗೆ. ಅವನಿಗೆ ನಿದ್ದೆ ಕಡಿಮೆ. ಬೆಳಗಿನ ಜಾವದ ತನಕ ಹೊರಳಾಡಿದೆ ಎಂದು ದಿನವೂ ಗೊಣಗುವವನು.

"ಕೇಳಿಸ್ತಾ?" ಅಂದಳು.

"ಯಾವುದು?"

"ಪಂಪು."

"ಹೂಂ ಮತ್ತೆ. ಪಂಪು ಹಾಕಿದ್ಮೇಲೆ ಸದ್ದು ಮಾಡದೆ ಇರುತ್ತಾ?"

ಅವಳು ಬಾಗಿಲಿಗೊರಗಿ ನಿಂತಿದ್ದಳು. ಕೈ ಬೆನ್ನ ಹಿಂದಿತ್ತು. ತಾನು ಏನು ಮಾಡುತ್ತಿದ್ದೇನೆಂದು ಕೈಗೆ ಮೊದಲು ಗೊತ್ತಾಗಿ ತಲೆಗೆ ಆಮೇಲೆ ಗೊತ್ತಾಯಿತು: ಬೆರಳು ಸ್ವಿಚ್ಚನ್ನು ಆರಿಸಿತ್ತು. ಈಗ ಗಾಲಿಮನೆಯಲ್ಲಿ ಏನೇನೂ ಸದ್ದಿಲ್ಲ. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಕಾದಳು. ಆಮೇಲೆ, ಏನೋ ಕೇಳಿದವಳ ಹಾಗೆ, ಹುಬ್ಬನ್ನು ಸ್ವಲ್ಪ ಎತ್ತಿದಳು.

"ಈಗ?"

"ಹಾಂ, ಈಗ ಚೆನ್ನಾಗಿ ಕೇಳಿಸ್ತು" ಅಂದ ಅವನು.

ಅವಳ ಕೈ ಮುಂದೆ ಬಂತು. ಅವನ ಕಣ್ಣು ಕೈಗೆ, ಕೈಯಿಂದ ಸ್ವಿಚ್ಚಿಗೆ ಹೋಯಿತು. ಆಸ್ಪತ್ರೆಯಲ್ಲಿ ಇಂಥದ್ದನ್ನು ಅವಳು ಎಷ್ಟು ಸಲ ಕಂಡಿಲ್ಲ. ಇಲ್ಲದ ಸದ್ದಿಗೂ ಹೂಂ ಅನ್ನುವವರನ್ನು ಗದರಿಸದೆ, ನಗದೆ, ಮತ್ತೊಮ್ಮೆ ಮೊದಲಿಂದ ಶುರು ಮಾಡಬೇಕೆಂದು ಹೊಸಬರಿಗೆ ಅವಳೇ ಪಾಠ ಹೇಳುತ್ತಾಳೆ. ಬೇಕೆಂದೇ ಬಲೆಯೊಡ್ಡುವುದನ್ನು ಯಾರಿಗೂ ಕಲಿಸಿರಲಿಲ್ಲ. ಅವನ ಕಿವಿಯ ತುದಿ ಕೆಂಪಾಯಿತು. ಟಾರ್ಚ್ ಆರಿಸಿ ಜೋಪಾನವಾಗಿ ಮಂಚದ ಮೇಲಿಟ್ಟ. "ಪ್ಲೈವುಡ್ ತರ್ತೀನಿ" ಎಂದು ಅವಳ ಪಕ್ಕದಿಂದಲೇ, ಮೈ ತಗುಲದಂತೆ ಓರೆಯಾಗಿ ಇಳಿದು ಹೋದ.

ಕಾರು ತಿರುವು ದಾಟಿದ ಮೇಲೂ ಅವಳು ಆ ಕಪ್ಪು ನೆಲದ ಪಕ್ಕ ಕೂತೇ ಇದ್ದಳು. ಹಿಂದಿನ ಪ್ರಯಾಣದಲ್ಲಿ ಒಂದು ಲಾರಿ ಬೆನ್ನಿಗೆ ಬಿದ್ದು ಹಾರ್ನ್ ಮಾಡಿದ್ದೇ ಮಾಡಿದ್ದು. ಇವನು ದಾರಿ ಬಿಡಲಿಲ್ಲ. "ಏನ್ರೀ ಇದು ಹಟ" ಎಂದು ಅವಳು ಸಿಡುಕಿದ್ದಳು. ಹಟವಲ್ಲ ಅದು. ಊಟದ ಹೊತ್ತಿಗೆ ಅವಳು ಆಸ್ಪತ್ರೆಯ ರಾಮಾಯಣವನ್ನೆಲ್ಲ ಒಪ್ಪಿಸುವಾಗ ಹೂಂ, ಹೂಂ ಅನ್ನುತ್ತಿದ್ದವನು, ಸರಿಯಾದ ಜಾಗದಲ್ಲಿ ನಗುತ್ತಿದ್ದವನು. ಛಾಪಖಾನೆಯಲ್ಲಿ ಮೆಷಿನ್ನು ಓಡುವಾಗ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಅವರೆಲ್ಲ ಬಾಯಿ ನೋಡಿ, ಕೈ ನೋಡಿ ಹರಟೆ ಹೊಡೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒಮ್ಮೆ ಬುತ್ತಿ ಮರೆತು ಹೋದನೆಂದು ಅವಳೇ ಅಲ್ಲಿಗೆ ಹೋಗಿದ್ದಳು. ಆ ಗದ್ದಲದಲ್ಲಿ ಅವನು ದೂರದಿಂದಲೇ ಅವಳ ಬಾಯಿ ನೋಡಿ, ಪಲ್ಯ ಹಳಸಿಲ್ಲ ತಾನೆ ಎಂದು ಉತ್ತರ ಕೊಟ್ಟಾಗ ಅವಳಿಗೆ ಅದೊಂದು ಕಣ್ಕಟ್ಟಿನ ಹಾಗೆ ಕಂಡಿತ್ತು. ಈಗ ಅವನ ಕಿವಿಗೆ ತನ್ನ ಮಾತು ಹೇಗೆ ಮುಟ್ಟುತ್ತಿರಬಹುದು? ಇಷ್ಟು ವರ್ಷ ಬೇರೆಯವರ ಕಿವಿಯ ಏರಿಳಿತವನ್ನು ಕಾಗದದ ಮೇಲೆ ಗೆರೆಯೆಳೆದು ತೋರಿಸಿದವಳಿಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ. ಕಿವಿ ಮಂದವಾಗುವಾಗ ಕ, ತ, ಸ ಮೊದಲು ಹೋಗುತ್ತವೆ. ಹೋಗಿ ಉಳಿಯುವುದೇನು? ಅಕ್ಷರ ಅಳಿಸಿಹೋಗಿ ಬರೀ ಕೊಂಬು, ದೀರ್ಘ, ಏತ್ವಗಳು ಸಾಲಾಗಿ ಉಳಿದ ಒಂದು ಪುಟ. ಅದನ್ನು ಎದುರಿಗಿಟ್ಟುಕೊಂಡು ಅವನು, ಇದು ಸಾರಿನ ವಿಷಯ, ಇದು ಸಹೋದ್ಯೋಗಿಯ ಮೇಲಿನ ಚಾಡಿ, ಇಲ್ಲಿ ನಗಬೇಕು ಎಂದು ಮುಖ ನೋಡಿ ನೋಡಿ ತುಂಬಿಸಿಕೊಳ್ಳುತ್ತಿದ್ದನೇ? ತನಗೆ ಸಿಟ್ಟು ಬರುತ್ತದೆಂದುಕೊಂಡಿದ್ದಳು. ಬದಲಿಗೆ ಆ ಪುಟವನ್ನು ಒಮ್ಮೆ ನೋಡಬೇಕೆಂಬ ಆಸೆಯಾಯಿತು.

ಮಗಳ ಫೋನು ಬಂತು. "ಎಲ್ಲ ರೆಡಿನಾ ಅಮ್ಮಾ?"

"ನೆಲ ಸ್ವಲ್ಪ ರಿಪೇರಿ ಇದೆ. ಆಗುತ್ತೆ ಬಿಡು. ನಿನ್ನ ಕಾಲು ಊತ ಹೇಗಿದೆ?"

"ಇದೆ, ಅದರ ಪಾಡಿಗೆ. ಅಮ್ಮಾ, ಅಪ್ಪ ಮೊನ್ನೆ ವಿಡಿಯೋ ಕಾಲಲ್ಲಿ ಏನಂದ್ರು ಗೊತ್ತಾ? ರಾತ್ರಿ ಮಗೂನ ನಾನೇ ನೋಡ್ಕೋತೀನಿ, ನನಗೆ ಹೇಗೂ ನಿದ್ದೆ ಬರಲ್ಲ, ನೀನು ಮಲಕ್ಕೋ ಅಂದ್ರು." ಮಗಳು ನಕ್ಕಳು. "ನಾನೂ ಆಯ್ತು ಅಂದ್ಬಿಟ್ಟಿದೀನಿ. ಆಮೇಲೆ ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತ ಹೇಳು."

"ಹೇಳ್ತೀನಿ" ಅಂದಳು. ಫೋನು ಇಟ್ಟು, ಅವನು ಮಂಚದ ಮೇಲಿಟ್ಟುಹೋದ ಟಾರ್ಚನ್ನು ಒಮ್ಮೆ ಹೊತ್ತಿಸಿ ಆರಿಸಿದಳು. ಕತ್ತಲಲ್ಲಿ ಅಳುವ ಕೂಸಿನ ಮುಖ ನೋಡಿ ಓದಲು ಬರುವುದಿಲ್ಲ.

ಅವನು ಹಲಗೆ, ಮರದ ಪಟ್ಟಿ, ಸ್ಕ್ರೂ, ಅಂಟು, ಪಂಪಿನ ಜೋಡಣೆಗೆ ಹೊಸ ರಬ್ಬರ್ ವಾಷರ್ ಎಲ್ಲ ತಂದಿದ್ದ. ಹಳೆಯ ವಾಷರನ್ನು ಬಿಚ್ಚಿ ಬೆಳಕಿಗೆ ಹಿಡಿದು ಬಾಗಿಸಿದ. ಉಗುರಿನ ಅಂಚಿನಷ್ಟು ಸಣ್ಣ ಬಿರುಕು ಬಾಯಿ ಬಿಟ್ಟಿತು. ಅದನ್ನು ಅವಳ ಅಂಗೈಯಲ್ಲಿಟ್ಟ, ನೀನೇ ನೋಡಿಕೋ ಎನ್ನುವಂತೆ. ಇಷ್ಟೆಲ್ಲ ಮಾಡಿದ್ದು ಇದು. ಆಮೇಲೆ ಇಬ್ಬರೂ ಕೆಳಗೆ ಚಾಪೆ ಹಾಸಿ, ಗಾಲಿಮನೆಯ ಹೊಟ್ಟೆಗೆ ಹೊದಿಸಿದ್ದ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಸೀಳಿ, ಶಾಖ ತಡೆಯಲು ತುಂಬಿದ್ದ, ನೀರು ಕುಡಿದು ಉಬ್ಬಿದ್ದ ಸ್ಪಂಜನ್ನು ಎಳೆದೆಳೆದು ಹಾಕಿದರು. ಕೊಳೆತದ್ದು ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯದೆ ಗರಗಸ ಹಾಕುವಂತಿಲ್ಲ. ಹೆಚ್ಚು ಕೊಯ್ದರೆ ಒಳ್ಳೆಯ ಮರ ಹಾಳು, ಕಡಿಮೆ ಕೊಯ್ದರೆ ಕೊಳೆ ಉಳಿಯುತ್ತದೆ.

"ಅಂಗಡಿಯವನು ಅಂದ, ಬಡಿದು ಸದ್ದು..." ಎಂದವನು ಅಲ್ಲಿಗೇ ನಿಲ್ಲಿಸಿದ. ಆಮೇಲೆ ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟ. "ನೀನು ಕೆಳಗಿಂದ ಬಡಿ. ಹಿಡಿಯಿಂದ. ಒಂದೇ ಸಮ, ಒಂದೊಂದು ಗೇಣಿಗೆ. ನಾನು ಮೇಲಿರ್ತೀನಿ."

ನೀವು ಮೇಲಿದ್ದು ಏನು ಮಾಡುತ್ತೀರಿ ಎಂದು ಅವಳು ಕೇಳಲಿಲ್ಲ. ಬಡಿಯತೊಡಗಿದಳು. ಗಟ್ಟಿ ಮರ ಟಣ್ ಅನ್ನುತ್ತಿತ್ತು, ಕೆಟ್ಟದ್ದು ದಬ್ ಎಂದು ಏಟನ್ನು ನುಂಗಿಕೊಳ್ಳುತ್ತಿತ್ತು. ಅವಳಿಗಂತೂ ಗೆರೆ ಎಳೆದಷ್ಟು ಸ್ಪಷ್ಟ. ಹೇಳಿಬಿಡಲೇ ಅನ್ನಿಸಿತು. ನಾಲಗೆ ಕಚ್ಚಿಕೊಂಡಳು. ಮೇಲೆ ಅವನು ಸರಿದಾಡುವುದು, ಸೀಮೆಸುಣ್ಣ ಮರದ ಮೇಲೆ ಕರಕರ ಎನ್ನುವುದು ಕೇಳುತ್ತಿತ್ತು. ಒಂದು ಕಡೆ ಬೇಕೆಂದೇ ಎರಡು ಸಲ ಬಡಿದಳು. ಸುಣ್ಣ ಅನುಮಾನಿಸಿ ನಿಂತಿತು, ಮತ್ತೆ ಓಡಿತು. ಮೈಮೇಲೆಲ್ಲ ಮರದ ಪುಡಿ ಉದುರಿಸಿಕೊಂಡು ಅವಳು ತೆವಳಿ ಹೊರಗೆ ಬಂದು ಹತ್ತಿ ನೋಡಿದರೆ, ನೆಲದ ಮೇಲೆ ಒಂದು ದ್ವೀಪದ ನಕ್ಷೆ ಬಿದ್ದಿತ್ತು. ಒಳಗೆ ಕಪ್ಪು, ಹೊರಗೆ ಗಟ್ಟಿ. ಕೆಳಗೆ ಅವಳು ಕಿವಿಯಲ್ಲಿ ಎಳೆದುಕೊಂಡಿದ್ದ ಗೆರೆಯೇ ಅದು. ಒಂದು ಕಡೆ ಮಾತ್ರ ಅವನದು ಎರಡು ಬೆರಳು ಮುಂದೆ ಹೋಗಿತ್ತು. ಉಳಿಯಿಂದ ಕೆದಕಿದಳು. ಅಲ್ಲಿ ಮರ ಮೇಲ್ನೋಟಕ್ಕೆ ಚೆನ್ನಾಗಿದ್ದು ಒಳಪದರ ನೆನೆದಿತ್ತು.

"ಹೇಗೆ?" ಅಂದಳು.

ಅವನು ಎರಡೂ ಅಂಗೈ ತೋರಿಸಿದ. "ಇಲ್ಲಿಗೆ ಬರುತ್ತೆ. ಬರದೇ ಇದ್ರೆ ಮರ ಸತ್ತಿದೆ ಅಂತ." ಆಮೇಲೆ, ತಡೆದು, "ಮೆಷಿನ್ನಿಗೆ ಸೊಂಟ ಆನಿಸಿ ನಿಂತ್ಕೋತಿದ್ವಿ. ಯಾವ ರೋಲರು ಕೆಟ್ಟಿದೆ ಅಂತ ಗೊತ್ತಾಗ್ಬಿಡೋದು."

"ನನಗೂ ತೋರಿಸಿ."

ಅವನು ಅವಳನ್ನೊಮ್ಮೆ ಅನುಮಾನದಿಂದ ನೋಡಿದ. ಇದೂ ಇನ್ನೊಂದು ಪರೀಕ್ಷೆಯೇ ಎಂಬಂತೆ. ಇಳಿದು ಹೋಗಿ ಕೆಳಗಿನಿಂದ ಬಡಿದ. ಅವಳು ಅಂಗೈ ಊರಿ ಕೂತಳು. ಟಣ್, ಟಣ್ ಎಂದು ಕೇಳಿಸಿತೇ ಹೊರತು ಕೈಗೆ ಏನೂ ಬರಲಿಲ್ಲ. "ಏನೂ ಗೊತ್ತಾಗ್ತಿಲ್ಲ" ಎಂದು ಸ್ಕ್ರೂಡ್ರೈವರ್ ಇಳಿದಿದ್ದ ತೂತಿಗೆ ಬಾಯಿಟ್ಟು ಕೂಗಿದಳು.

"ಕೇಳ್ಬೇಡ!" ಅವನ ದನಿ ಕೆಳಗಿನಿಂದ ಬಂತು, ಛಾಪಖಾನೆಯ ದೊಡ್ಡ ದನಿ. "ಕಿವಿ ಬಿಡು! ಕೇಳೋದು ಬಿಡು!"

ಕಿವಿ ಬಿಡುವುದು ಹೇಗೆ? ಅವಳಿಗೆ ನಗು ಬಂತು. ಕಣ್ಣು ಮುಚ್ಚಿದಳು, ಆದರೂ ಕಿವಿ ಮುಂದೆ ಮುಂದೆ ಓಡಿ ಎಲ್ಲವನ್ನೂ ಮೊದಲೇ ಹಿಡಿದು ತರುತ್ತಿತ್ತು, ತರಗತಿಯಲ್ಲಿ ಬೇರೆಯವರಿಗೆ ಬಾಯಿ ಬಿಡಲು ಕೊಡದ ಜಾಣೆಯ ಹಾಗೆ. ಕೊನೆಗೆ ಎರಡೂ ಭುಜಗಳನ್ನು ಎತ್ತಿ ಕಿವಿಗಳಿಗೆ ಒತ್ತಿ, ಗೂನುಬೆನ್ನು ಮಾಡಿಕೊಂಡು, ಅಂಗೈಗಳನ್ನು ಹರಡಿ ಕೂತಳು. ಬಹಳ ಹೊತ್ತಾದ ಮೇಲೆ ಕಿರುಬೆರಳ ಬುಡದಲ್ಲಿ ಏನೋ ಚುರುಕಾಯಿತು. ಚಿಟ್ಟೆಯೊಂದು ಒಳಗಿನಿಂದ ತಟ್ಟಿದಂತೆ. ಮತ್ತೊಮ್ಮೆ. ಅದು ಹೆಬ್ಬೆರಳಿನ ಕಡೆಗೆ ನಡೆದು ಬಂದು, ಗೆರೆಯ ಹತ್ತಿರ ಮಂಕಾಗಿ, ಗೆರೆ ದಾಟಿದ ಕೂಡಲೇ ಇಲ್ಲವಾಯಿತು. "ಬಂತು!" ಎಂದು ಅವಳು ಕಿರುಚಿದಳು. "ಬಂತು ರೀ! ಹೋಯ್ತು! ಈಗ ಹೋಯ್ತು!" ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಅದು ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಅವಳ ಮನಸ್ಸು ಹಳೆಯ ಚಾಳಿಗೆ ಲೆಕ್ಕ ಹಾಕಲು ಹೊರಟದ್ದು, ಅರ್ಧಕ್ಕೇ ನಿಂತಿತು.

ಆ ಸಂಜೆಯೇ ಗೆರೆಯ ಹೊರಗಿನಿಂದ, ಅಡ್ಡಪಟ್ಟಿಗಳ ನಡುಮಧ್ಯಕ್ಕೆ ಬರುವಂತೆ ಕೊಯ್ದು ತೆಗೆದರು. ನೆಲದ ರಂಧ್ರದಿಂದ ಹುಲ್ಲು ಕಾಣುತ್ತಿತ್ತು, ಮನೆಯೊಳಗೆ ಹುಲ್ಲು. ಎರಡು ದಿನ ಫ್ಯಾನು ಹಾಕಿ ಒಣಗಿಸಿದರು. ಅವಳು ಆಸ್ಪತ್ರೆಯಿಂದ ಬಂದವಳೇ ಕೈಚೀಲ ಬಿಸಾಡಿ ಹತ್ತಿ, ಅಡ್ಡಪಟ್ಟಿಗಳನ್ನು ಮುಟ್ಟಿ ನೋಡುತ್ತಿದ್ದಳು. ಒಂದು ಪಟ್ಟಿಯ ಮೇಲ್ಮೈ ಮೆತ್ತಗಾಗಿತ್ತು. ಕೆಟ್ಟದ್ದನ್ನು ಹೆರೆದು, ಮರ ಗಟ್ಟಿಮಾಡುವ ಔಷಧಿ ಕುಡಿಸಿ, ಪಕ್ಕಕ್ಕೆ ಹೊಸ ಪಟ್ಟಿಯೊಂದನ್ನು ಹೆಗಲಿಗೆ ಹೆಗಲು ಕೊಟ್ಟಂತೆ ಬಿಗಿದರು. ಒಣ ಸ್ಪಂಜು ತುಂಬಿ, ಕೆಳಗಿನ ಹಾಳೆ ಹೊಲಿದು, ಹೊಸ ಹಲಗೆಯನ್ನು ಕೂರಿಸಿದರು. ಅಷ್ಟು ಅಳತೆ ಮಾಡಿದ್ದರೂ ಒಂದು ಮೂಲೆ ಕೂರದೆ, ಇಬ್ಬರೂ ಅದರ ಮೇಲೆ ನಿಂತು ಕುಣಿದು ಕೂರಿಸಬೇಕಾಯಿತು. ಅವನು ಮತ್ತೆ ಮಾತಾಡುತ್ತಿದ್ದ, ಸ್ಕ್ರೂ ಕೊಡು, ಹಿಡಿ, ಅದಲ್ಲ ಉದ್ದದ್ದು ಎಂದು. ಅವಳು ಉತ್ತರಿಸುವ ಮೊದಲು ಅವನ ಎದುರಿಗೆ ಬರುತ್ತಿದ್ದಳು. ಅದು ಅವನಿಗೂ ತಿಳಿಯುತ್ತಿತ್ತು. ಅಂದಿನ ಬಲೆಯ ಬಗ್ಗೆ ಇಬ್ಬರೂ ಚಕಾರವೆತ್ತಲಿಲ್ಲ. ಎತ್ತಬೇಕಾದವಳು ತಾನೆಂದು ಅವಳಿಗೆ ಗೊತ್ತಿತ್ತು. ಪ್ರತಿ ಸ್ಕ್ರೂವಿನ ಹೊತ್ತಿಗೂ ಈಗ, ಈಗ ಅಂದುಕೊಳ್ಳುತ್ತಿದ್ದಳು.

ಹೊರಡುವ ಮುಂಚಿನ ಶನಿವಾರ ಟ್ಯಾಂಕು ತುಂಬಿಸಿ ಪಂಪು ಹಾಕಿದರು. ಅವನು ಹೊಸ ವಾಷರಿನ ಜೋಡಣೆಗೆ ಒಣ ಕಾಗದ ಸುತ್ತಿ ಟಾರ್ಚ್ ಬಿಟ್ಟುಕೊಂಡು ಕಾದ. ಪಂಪು ಓಡಿತು, ನಿಂತಿತು. ಇಬ್ಬರೂ ಹೊಸ ನೆಲದ ಮೇಲೆ ಎದುರುಬದುರು ಕೂತರು. ಬೆಳಕು ಕಿಟಕಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯಿತು. ಪಂಪು ಮತ್ತೆ ಕೂಗಲಿಲ್ಲ. ಕಾಗದ ಒಣಗಿಯೇ ಇತ್ತು. ಅವಳು ಏನೂ ಹೇಳದೆ, ಹುಬ್ಬು ಕೂಡ ಅಲುಗಿಸದೆ ಕೂತಿದ್ದಳು.

"ಸುಮ್ನಿದೆಯಾ?" ಎಂದು ಅವನೇ ಕೇಳಿದ.

"ಸುಮ್ನಿದೆ."

ಅವನು ಕಾಗದ ಬಿಚ್ಚಿ ಮಡಿಸಿ ಮಡಿಸಿ ಚಿಕ್ಕದು ಮಾಡಿದ. "ಆವತ್ತು ಅವಳಿಗೆ ರಾತ್ರಿ ಮಗೂನ ನೋಡ್ಕೋತೀನಿ ಅಂದ್ಬಿಟ್ಟೆ" ಅಂದ. "ಸೋಮವಾರ ನಿಮ್ಮ ಆಸ್ಪತ್ರೆಗೆ ಬರ್ಲಾ?"

ಕಿವಿಗೆ ಹಾಕುವ ಯಂತ್ರಗಳ ಮಾತು, ಬೆಳಗಿನ ಮೊದಲ ಸರದಿಯ ಮಾತು, ಇನ್ನೂ ಏನೇನೋ ಒಟ್ಟಿಗೆ ಅವಳ ಬಾಯಿಗೆ ನುಗ್ಗಿ ಬಂದವು. "ಬನ್ನಿ. ನಾನೇ ಬೆಳಿಗ್ಗೆ ಎಲ್ಲರಿಗಿಂತ ಮೊದಲು..."

"ನಿನ್ನ ಹತ್ರ ಅಲ್ಲ." ಅವನು ತಲೆಯಾಡಿಸಿದ. "ನಿನ್ನ ಎದುರು ಮೇಜಿನಲ್ಲಿ ಇನ್ನೊಬ್ರು ಇದಾರಲ್ಲ, ಅವರ ಹತ್ರ. ನಿನ್ನ ಮುಂದೆ ಕೂತ್ರೆ ನಾನು ಸುಳ್ಳು ಹೇಳ್ತೀನಿ. ನಿನ್ನ ಮುಖ ನೋಡಿದ್ರೆ ನನಗೆ ಎಲ್ಲಾ ಕೇಳಿಸಿಬಿಡುತ್ತೆ."

ಆ ಎದುರು ಮೇಜಿನವರ ಬಗ್ಗಿಸಿದ ತಲೆ ಅವಳ ಕಣ್ಣ ಮುಂದೆ ಬಂತು. ಸೋಮವಾರ ಅವರು ಬಾಗಿಲು ಮುಚ್ಚಿಕೊಂಡು ಅವನನ್ನು ಕೂರಿಸುತ್ತಾರೆ. ತಾನು ಹೊರಗೆ, ಎಲ್ಲರ ಹೆಂಡಂದಿರು ಕೂರುವ ಉದ್ದನೆಯ ಬೆಂಚಿನ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಎಲ್ಲರೂ ನೋಡುತ್ತಾರೆ. ಒಳಗಿನಿಂದ ಒಂದು ಸದ್ದೂ ಹೊರಗೆ ಬರುವುದಿಲ್ಲ.

"ಸರಿ" ಅಂದಳು. ದನಿ ಹೊರಟಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಅವನು ತಲೆದೂಗಿದ. ಅವನಿಗೆ ಅದು ಕೇಳಿಸಿತೋ, ಕಂಡಿತೋ, ಅವಳು ಈ ಸಲ ಕಂಡುಹಿಡಿಯಲು ಹೋಗಲಿಲ್ಲ.